ಒಂಬತ್ತು ಪುಟ ಬರೆದವನು ಎಲ್ಲಿ ಎಡವಿದ? ಗಾರ್ಡನ್ ಗೂಲ್ಡ್ ನೋಟ್‌ಬುಕ್‌ನ ಪ್ರಕರಣ

ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದವರು ತಪ್ಪದೆ ಕೇಳುವ ಪ್ರಶ್ನೆ ಇದು: ಪ್ರಾಜೆಕ್ಟ್‌ಗೆ ಹೊಸ ಐಡಿಯಾ ಎಲ್ಲಿಂದ ತರುವುದು? ಉತ್ತರ ಹೇಳುವವರೂ ಬೇಕಾದಷ್ಟು ಜನ ಇದ್ದಾರೆ. ಸುತ್ತಮುತ್ತ ನೋಡಿ, ತೊಂದರೆ ಹುಡುಕಿ, ಹೊಳೆದದ್ದನ್ನು ತಕ್ಷಣ ಬರೆದಿಡಿ, ದಿನಾಂಕ ಹಾಕಿ, ಯಾರದಾದರೂ ಸಹಿ ಮಾಡಿಸಿ. ಸರಿಯಾದ ಮಾತೇ. ಆದರೆ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ ಒಬ್ಬ ಮನುಷ್ಯ ಇದ್ದ. ಮಾಡಿಯೂ ತನ್ನ ಐಡಿಯಾದ ಮುಖ್ಯ ಭಾಗವನ್ನು ಕೋರ್ಟ್‌ನಲ್ಲಿ ಕಳೆದುಕೊಂಡ, ಉಳಿದದ್ದನ್ನು ದಕ್ಕಿಸಿಕೊಳ್ಳಲು ಸುಮಾರು ಮೂವತ್ತು ವರ್ಷ ಬಡಿದಾಡಿದ. ಹೆಸರು ಗಾರ್ಡನ್ ಗೂಲ್ಡ್. ಐಡಿಯಾ ಸಣ್ಣದೇನಲ್ಲ, ಲೇಸರ್.

ಇದನ್ನು ಸಾಮಾನ್ಯವಾಗಿ ಪೇಟೆಂಟ್ ಜಗಳದ ಕತೆಯಾಗಿ ಹೇಳುತ್ತಾರೆ. ನನಗೆ ಇದು ಒಂದು ನೋಟ್‌ಬುಕ್‌ನ ಕತೆಯಾಗಿಯೇ ಜಾಸ್ತಿ ಕಾಣುತ್ತದೆ. ಮೊದಲ ದಿನ ಆತ ಬರೆದದ್ದು ಅದ್ಭುತವಾಗಿತ್ತು. ಪೆಟ್ಟು ಬಿದ್ದದ್ದು ಆಮೇಲಿನ ತಿಂಗಳುಗಳಿಂದ.

ಐಡಿಯಾ ಬಂದ ದಾರಿ

ಗೂಲ್ಡ್ ಹುಟ್ಟಿದ್ದು 1920ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಯೂನಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ, ಯೇಲ್‌ನಲ್ಲಿ ಎಂ.ಎಸ್. ಮಾಡಿದ. ಯೇಲ್‌ನಲ್ಲಿ ಅವನ ವಿಷಯ ಬೆಳಕಿನ ಸ್ಪೆಕ್ಟ್ರೋಸ್ಕೋಪಿ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ವಿದ್ಯೆ. ಆ ಕೆಲಸ ಮಾಡುವವರಿಗೆಲ್ಲ ಫ್ಯಾಬ್ರಿ-ಪೆರೋ ಎಂಬ ಸಾಧನ ಚೆನ್ನಾಗಿ ಗೊತ್ತಿರುತ್ತದೆ. ಎರಡು ಸಪಾಟು ಕನ್ನಡಿಗಳನ್ನು ಎದುರುಬದುರಾಗಿ, ಒಂದಕ್ಕೊಂದು ಸಮಾಂತರವಾಗಿ ನಿಲ್ಲಿಸಿದರೆ ಅದೇ ಫ್ಯಾಬ್ರಿ-ಪೆರೋ. 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸ್‌ನ ಇಬ್ಬರು ಭೌತವಿಜ್ಞಾನಿಗಳು ಕಂಡುಹಿಡಿದದ್ದು. ಗೂಲ್ಡ್ ಕಾಲಕ್ಕೇ ಅದು ಹಳೆಯ ಸಾಮಾನು.

ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದ. ಗೈಡ್ ಪಾಲಿಕಾರ್ಪ್ ಕುಶ್, 1955ರಲ್ಲಿ ನೊಬೆಲ್ ಪಡೆದವನು. ಗೂಲ್ಡ್‌ಗೆ ಸಿಕ್ಕ ಕೆಲಸ ಥ್ಯಾಲಿಯಂ ಪರಮಾಣುವಿನ ಶಕ್ತಿಯ ಮಟ್ಟಗಳನ್ನು ಅಳೆಯುವುದು. ಅಳೆಯಬೇಕಾದರೆ ಮೊದಲು ಪರಮಾಣುಗಳನ್ನು ಮೇಲಿನ ಮಟ್ಟಕ್ಕೆ ಏರಿಸಬೇಕು, ಬರೀ ಬಿಸಿ ಮಾಡಿದರೆ ಸಾಕಷ್ಟು ಪರಮಾಣುಗಳು ಏರುತ್ತಿರಲಿಲ್ಲ. ಆಗ ಅದೇ ವಿಭಾಗದಲ್ಲಿದ್ದ ಐಸಿಡೋರ್ ರಾಬಿ ಒಂದು ದಾರಿ ಹೇಳಿದ: ದೀಪದ ಬೆಳಕು ಹಾಯಿಸಿ ಏರಿಸು. ಇದಕ್ಕೆ ಆಪ್ಟಿಕಲ್ ಪಂಪಿಂಗ್ ಎನ್ನುತ್ತಾರೆ. ಗೂಲ್ಡ್ ಥ್ಯಾಲಿಯಂ ದೀಪ ಇಟ್ಟುಕೊಂಡು ಅದನ್ನು ಸಾಧಿಸಿದ, ಆ ಕೆಲಸದಲ್ಲಿ ಕೈ ಪಳಗಿತು.

ಕನ್ನಡಿ, ಪಂಪಿಂಗ್ ಆದ ಮೇಲೆ ಅವನ ಐಡಿಯಾಕ್ಕೆ ಒದಗಿದ ಮೂರನೆಯದು ಮೇಸರ್. ಅದೇ ಕೊಲಂಬಿಯಾದಲ್ಲಿ ಚಾರ್ಲ್ಸ್ ಟೌನ್ಸ್ ಮತ್ತು ಅವನ ಜೊತೆಗಾರರು 1954ರಲ್ಲಿ ಅಮೋನಿಯಾ ಅನಿಲ ಬಳಸಿ ಮೈಕ್ರೋವೇವ್ ಅಲೆಗಳನ್ನು ವರ್ಧಿಸುವ ಯಂತ್ರ ಮಾಡಿದ್ದರು. ಇದರ ತತ್ವ ಸರಳ. ಮೇಲಿನ ಮಟ್ಟಕ್ಕೆ ಏರಿದ ಪರಮಾಣು ಅಥವಾ ಅಣುವಿಗೆ ಸರಿಯಾದ ಅಲೆ ಬಡಿದರೆ ಅದು ಕೆಳಗಿಳಿಯುತ್ತ ತದ್ರೂಪು ಅಲೆಯನ್ನು ಹೊರಬಿಡುತ್ತದೆ. ಒಂದು ಇದ್ದದ್ದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. (ಟೌನ್ಸ್‌ಗೆ ಮೇಸರ್ ಹೊಳೆದದ್ದು 1951ರ ವಸಂತದಲ್ಲಿ, ವಾಷಿಂಗ್ಟನ್‌ನ ಫ್ರಾಂಕ್ಲಿನ್ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾಗ. ಜೇಬಿನಲ್ಲಿದ್ದ ಲಕೋಟೆಯ ಹಿಂದೆ ಲೆಕ್ಕ ಹಾಕಿದ. ಇಷ್ಟಕ್ಕೇ ಮುಗಿಸುವ ಜನ ಮುಂದಿನದನ್ನು ಬಿಡುತ್ತಾರೆ: ಆಮೇಲೆ ಅದನ್ನು ಸರಿಯಾದ ನೋಟ್‌ಬುಕ್‌ಗೆ ಇಳಿಸಿ ಸಾಕ್ಷಿ ಸಹಿಯನ್ನೂ ಹಾಕಿಸಿದ.)

ಇದೇ ಆಟವನ್ನು ಬೆಳಕಿನಲ್ಲಿ ಆಡಲು ಆಗುತ್ತದಾ ಎಂಬುದು 1957ರ ಹೊತ್ತಿಗೆ ಹಲವರ ತಲೆಯಲ್ಲಿದ್ದ ಪ್ರಶ್ನೆ. ಅಡ್ಡಿ ಒಂದಿತ್ತು. ಮೈಕ್ರೋವೇವ್‌ನ ಅಲೆಯ ಉದ್ದ ಸೆಂಟಿಮೀಟರ್ ಲೆಕ್ಕದ್ದು, ಆ ಅಳತೆಗೆ ಒಂದು ಲೋಹದ ಪೆಟ್ಟಿಗೆ ಮಾಡಿ ಅಲೆಯನ್ನು ಒಳಗೆ ಹಿಡಿದಿಡಬಹುದು. ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಪೆಟ್ಟಿಗೆ ಮಾಡುವುದು ಎಲ್ಲಿಂದ? ಪೆಟ್ಟಿಗೆ ದೊಡ್ಡದು ಮಾಡಿದರೆ ಬೆಳಕು ಲೆಕ್ಕವಿಲ್ಲದಷ್ಟು ದಿಕ್ಕಿನಲ್ಲಿ, ಲೆಕ್ಕವಿಲ್ಲದಷ್ಟು ರೀತಿಯಲ್ಲಿ ಕುಣಿಯುತ್ತದೆ. ವರ್ಧನೆ ಎಲ್ಲದಕ್ಕೂ ಹಂಚಿಹೋಗಿ ಏನೂ ಕೈಗೆ ಸಿಗುವುದಿಲ್ಲ.

ನವೆಂಬರ್‌ನ ಒಂದು ಮಧ್ಯರಾತ್ರಿ, ಹಾಸಿಗೆಯಲ್ಲಿದ್ದ ಗೂಲ್ಡ್‌ಗೆ ದಾರಿ ಹೊಳೆಯಿತು. ಪೆಟ್ಟಿಗೆಯೇ ಬೇಡ. ಉದ್ದನೆಯ ಕೊಳವೆಯ ಎರಡು ತುದಿಗೆ ಎರಡು ಕನ್ನಡಿ ಸಾಕು. ಓರೆ ಹೋಗುವ ಬೆಳಕು ಪಕ್ಕದಿಂದ ಹೊರಗೆ ಹೋಗಲಿ. ನೇರವಾಗಿ ಹೋಗಿ ಬರುವ ಬೆಳಕು ಮಾತ್ರ ಕನ್ನಡಿಗಳ ನಡುವೆ ಮತ್ತೆ ಮತ್ತೆ ಓಡಾಡುತ್ತ ಬಲಿಯುತ್ತದೆ, ಒಂದು ಕನ್ನಡಿ ಸ್ವಲ್ಪ ಬೆಳಕು ಬಿಡುವಂಥದ್ದಾದರೆ ಅಲ್ಲಿಂದ ಕಿರಣ ಹೊರಬರುತ್ತದೆ. ಯೇಲ್‌ನ ಕನ್ನಡಿ, ರಾಬಿ ತೋರಿಸಿದ ಪಂಪಿಂಗ್, ಪಕ್ಕದ ಲ್ಯಾಬ್‌ನ ಮೇಸರ್.

ಇದನ್ನು ದಿಢೀರ್ ಹೊಳಹು ಎಂದು ಬಣ್ಣಿಸುವುದು ಸುಲಭ. ಆದರೆ ಈ ಮೂರರಲ್ಲಿ ಒಂದೂ ಹೊಸದಲ್ಲ. ಮೂರನ್ನೂ ಕೈಯಾರೆ ಬಲ್ಲವರು ಮಾತ್ರ ಆಗ ಕಡಿಮೆ. ಮೈಕ್ರೋವೇವ್ ಜನರಿಗೆ ಪೆಟ್ಟಿಗೆಯೇ ಕಣ್ಣಿಗೆ ಬೀಳುತ್ತಿತ್ತು. ಬೆಳಕಿನ ಉಪಕರಣ ಮುಟ್ಟಿದವನಿಗೆ ಕನ್ನಡಿ ಕಂಡಿತು. ಪ್ರಾಜೆಕ್ಟ್ ಐಡಿಯಾ ಹುಡುಕುವವರಿಗೆ ನಾನು ಹೇಳುವುದೂ ಇದನ್ನೇ. ಇಂಟರ್ನೆಟ್‌ನಲ್ಲಿ "ಟಾಪ್ 100 ಪ್ರಾಜೆಕ್ಟ್" ಪಟ್ಟಿ ನೋಡುತ್ತ ಕೂತರೆ ಎಲ್ಲರಿಗೂ ಸಿಗುವುದೇ ನಿಮಗೂ ಸಿಗುತ್ತದೆ. ನಿಮಗೆ ನಿಜವಾಗಿ ಕೈ ಪಳಗಿರುವ ವಿಷಯ ಯಾವುದು, ಅಪ್ಪನ ವರ್ಕ್‌ಶಾಪಿನಲ್ಲೋ ಊರಿನ ಅಡಿಕೆ ತೋಟದಲ್ಲೋ ಕಲಿತದ್ದು, ಅದನ್ನು ಮೊದಲು ಬರೆದುಕೊಳ್ಳಿ. ಕ್ಲಾಸಿನಲ್ಲಿ ಕಲಿತದ್ದನ್ನು ಅದರ ಪಕ್ಕಕ್ಕೆ ಬರೆಯಿರಿ. ಕೂಡುವ ಜಾಗ ಅಲ್ಲೆಲ್ಲೋ ಇರುತ್ತದೆ.

ಇನ್ನೊಂದು ಮಾತು. ಅಕ್ಟೋಬರ್ ಕೊನೆಯಲ್ಲಿ ಟೌನ್ಸ್ ತಾನಾಗಿಯೇ ಗೂಲ್ಡ್‌ನನ್ನು ಮಾತಾಡಿಸಿ ಥ್ಯಾಲಿಯಂ ದೀಪದಿಂದ ಎಷ್ಟು ಬೆಳಕು ಸಿಗುತ್ತದೆ ಎಂದೆಲ್ಲ ವಿಚಾರಿಸಿದ್ದ. ಟೌನ್ಸ್ ಕೂಡ ಇದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದಾನೆ ಎಂದು ಗೂಲ್ಡ್‌ಗೆ ಗೊತ್ತಾಯಿತು. ಅವಸರ ಹುಟ್ಟಿದ್ದು ಅಲ್ಲಿಂದ. ಯಾರಿಂದ ಯಾರು ಏನು ಪಡೆದರು ಎಂಬ ವಾದ ಮುಂದೆ ದಶಕಗಳ ಕಾಲ ನಡೆಯಿತು. ನಾನು ಅದರೊಳಗೆ ಹೋಗುವುದಿಲ್ಲ. ನಮಗೆ ಬೇಕಾದದ್ದು ಯಾರು ಯಾವುದನ್ನು ಯಾವಾಗ ಬರೆದಿಟ್ಟರು ಎಂಬುದು.

ಒಂಬತ್ತು ಪುಟಗಳಲ್ಲಿ ಏನಿತ್ತು

ಗೂಲ್ಡ್ ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯಲು ಕೂತ. ಮೇಲೆ ಶೀರ್ಷಿಕೆ: ಲೇಸರ್ ಮಾಡಲು ಸಾಧ್ಯವೇ ಎಂಬುದರ ಕೆಲವು ಒರಟು ಲೆಕ್ಕಗಳು. ಆ ಹೆಸರು ಬರಹದಲ್ಲಿ ಕಾಣಿಸಿಕೊಂಡದ್ದು ಅಲ್ಲೇ ಮೊದಲು. ಕೆಳಗೆ ಕೊಳವೆಯ ಚಿತ್ರ, ತುದಿಗಳಲ್ಲಿ ಸಪಾಟಾದ, ಸಮಾಂತರವಾದ, ಸ್ವಲ್ಪ ಬೆಳಕು ಹಾಯಲು ಬಿಡುವ ಕನ್ನಡಿಗಳು. ಕನ್ನಡಿಗೆ ಬೆಳ್ಳಿ ಲೇಪಿಸಬಹುದು, ಇಲ್ಲವೇ ಪದರ ಪದರವಾದ ಲೇಪನ ಬಳಸಬಹುದು ಎಂದು ಎರಡು ದಾರಿ. ಆಮೇಲೆ ಲೆಕ್ಕ. ಕೊನೆಗೆ ಉಪಯೋಗಗಳು: ಬೆಳಕಿನ ಮೂಲಕ ದೂರಸಂಪರ್ಕ, ರೇಡಾರ್, ಸೂಕ್ಷ್ಮ ಅಳತೆ, ಪರಮಾಣು ಸಮ್ಮಿಲನವನ್ನೂ ಬಿಡಲಿಲ್ಲ. ಇವತ್ತು ನಮ್ಮ ಮನೆಗೆ ಬರುವ ಫೈಬರ್ ಇಂಟರ್ನೆಟ್ ಓಡುವುದು ಲೇಸರ್ ಬೆಳಕಿನ ಮೇಲೆಯೇ. 1957ರ ಆ ಪುಟಗಳಲ್ಲಿ ಅದರ ಬೀಜ ಇದೆ ಎಂದರೆ ತಪ್ಪಾಗಲಾರದು.

ಐಡಿಯಾ ಬರೆಯುವುದಕ್ಕೆ ಇದು ಒಳ್ಳೆಯ ಮಾದರಿ. ಗಮನಿಸಿ, "ಬೆಳಕನ್ನು ವರ್ಧಿಸುವ ಯಂತ್ರ ಮಾಡಬೇಕು" ಎಂದು ಬರೆದು ಬಿಡಲಿಲ್ಲ. ಅದು ಆಸೆ, ಐಡಿಯಾ ಅಲ್ಲ. ಆಕಾರ ಬರೆದ, ಸಾಮಗ್ರಿ ಬರೆದ, ಸಂಖ್ಯೆ ಹಾಕಿ ನೋಡಿದ. ನಮ್ಮ ಕಾಲೇಜುಗಳ ಸಿನಾಪ್ಸಿಸ್‌ಗಳಲ್ಲಿ ಜಾಸ್ತಿ ಕಾಣುವುದು ಮೊದಲನೇ ಬಗೆಯ ವಾಕ್ಯ. "ಐಒಟಿ ಬಳಸಿ ರೈತರಿಗೆ ನೆರವಾಗುವ ಸ್ಮಾರ್ಟ್ ವ್ಯವಸ್ಥೆ." ಯಾವ ಬೆಳೆ, ಯಾವ ಸೆನ್ಸರ್, ಮಣ್ಣಿನಲ್ಲಿ ಎಷ್ಟು ಆಳಕ್ಕೆ, ಕರೆಂಟ್ ಹೋದರೆ ಏನು? ಒಂದೂ ಇರುವುದಿಲ್ಲ.

ನವೆಂಬರ್ 13, ಬುಧವಾರ. ಗೂಲ್ಡ್ ಆ ನೋಟ್‌ಬುಕ್ ಹಿಡಿದು ಬ್ರಾಂಕ್ಸ್‌ನ ಒಂದು ಮಿಠಾಯಿ ಅಂಗಡಿಗೆ ಹೋದ. ಅಂಗಡಿಯವನು ನೋಟರಿ ಕೂಡ ಆಗಿದ್ದ. ಅವನ ಅಡ್ಡಹೆಸರೂ ಗೂಲ್ಡ್, ಆದರೆ ಸಂಬಂಧಿಕನಲ್ಲ. ಒಂಬತ್ತು ಪುಟಗಳಿಗೆ ಆತ ಸಹಿ ಹಾಕಿ ಮುದ್ರೆ ಒತ್ತಿಕೊಟ್ಟ. ನಮ್ಮಲ್ಲಿ ನೋಟರಿ ಎಂದರೆ ಕೋರ್ಟ್ ಮುಂದೆ ಕಪ್ಪು ಕೋಟು ಹಾಕಿ ಕೂತ ವಕೀಲರು, ಹಾಗಾಗಿ ಮಿಠಾಯಿ ಮಾರುವವನು ಲೇಸರ್‌ಗೆ ಸಾಕ್ಷಿಯಾದ ಎಂದರೆ ನಗು ಬರುತ್ತದೆ ಅಲ್ವಾ? ಅಮೆರಿಕದಲ್ಲಿ ಅದು ಮಾಮೂಲು.

ಆ ಮುದ್ರೆಗೆ ಒಂದು ಮಿತಿ ಇತ್ತು. ಈ ದಿನ ಈ ಪುಟಗಳು ಇದ್ದವು ಎಂದು ಅಂಗಡಿಯವನು ಹೇಳಬಲ್ಲ. ಪುಟದಲ್ಲಿ ಏನಿದೆ, ಅದು ನಡೆಯುವಂಥದ್ದಾ ಎಂದು ಹೇಳಲಾರ. ಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಂಥ ಕಡೆ ರೂಢಿ ಬೇರೆ. ವಿಷಯ ಬಲ್ಲ ಸಹೋದ್ಯೋಗಿ ಓದಿ, "ಓದಿದೆ, ಅರ್ಥವಾಯಿತು" ಎಂದು ಬರೆದು ಸಹಿ ಮಾಡಬೇಕು. ಟೌನ್ಸ್ ಬೆಳಕಿನ ಮೇಸರ್ ಬಗ್ಗೆ ತನ್ನ ನೋಟ್‌ಬುಕ್‌ನಲ್ಲಿ ಬರೆದದ್ದು 1957ರ ಸೆಪ್ಟೆಂಬರ್‌ನಲ್ಲಿ, ಸಾಕ್ಷಿ ಹಾಕಿದ್ದು ಅವನದೇ ವಿಭಾಗದ ಸಂಶೋಧನಾ ವಿದ್ಯಾರ್ಥಿ. ನೋಟರಿಗಿಂತ ಆ ವಿದ್ಯಾರ್ಥಿಯ ಸಹಿ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಆಮೇಲಿನ ಹದಿನೇಳು ತಿಂಗಳು

1958ರ ಜನವರಿಯಲ್ಲಿ ಗೂಲ್ಡ್ ಪೇಟೆಂಟ್ ವಕೀಲರ ಬಳಿ ಹೋದ. ಮಾತುಕತೆ ಮುಗಿಸಿ ಹೊರಬರುವಾಗ ಅವನ ತಲೆಯಲ್ಲಿ ಉಳಿದದ್ದು ಒಂದೇ: ಪೇಟೆಂಟ್ ಬೇಕೆಂದರೆ ಮೊದಲು ಕೆಲಸ ಮಾಡುವ ಯಂತ್ರ ತೋರಿಸಬೇಕು. ಇದು ತಪ್ಪು ತಿಳಿವಳಿಕೆ. ಯಂತ್ರ ಕಟ್ಟದೆಯೂ, ಬಲ್ಲವರು ಓದಿ ಕಟ್ಟಬಹುದಾದಷ್ಟು ವಿವರ ಬರೆದು ಅರ್ಜಿ ಹಾಕಬಹುದಿತ್ತು. ಒಂದು ತಪ್ಪು ತಿಳಿವಳಿಕೆಯ ಬೆಲೆ ಇಷ್ಟು ದುಬಾರಿಯಾದ ಉದಾಹರಣೆ ತಂತ್ರಜ್ಞಾನದ ಇತಿಹಾಸದಲ್ಲಿ ಹೆಚ್ಚೇನೂ ಸಿಗಲಾರದು.

ಯಂತ್ರ ಕಟ್ಟುವ ಹಟದಲ್ಲಿ ಅದೇ ಮಾರ್ಚ್‌ನಲ್ಲಿ ಪಿಎಚ್.ಡಿ. ಅರ್ಧಕ್ಕೆ ಬಿಟ್ಟ. ಟಿಆರ್‌ಜಿ ಎಂಬ ಸಣ್ಣ ಸಂಶೋಧನಾ ಕಂಪನಿಗೆ ಸೇರಿದ. ಅಲ್ಲಿ ಸಂಬಳ ಬರುತ್ತಿದ್ದದ್ದು ಬೇರೆ ಕೆಲಸಕ್ಕೆ, ಲೇಸರ್ ಲೆಕ್ಕ ಬಿಡುವಿನ ಹೊತ್ತಿನಲ್ಲಿ. ಮತ್ತೊಂದು ನೋಟ್‌ಬುಕ್ ತುಂಬಿಸಿದ್ದೂ ನಿಜ. ಆದರೆ ಇಂಥ ವಾರ ಇದನ್ನು ಮಾಡಿದೆ, ಇಂಥ ದಿನ ಇದು ಫಲಿಸಲಿಲ್ಲ ಎಂದು ಬಿಡದೆ ಹಿಡಿದು ದಾಖಲಿಸುವ ಕೆಲಸ ಆಗಲಿಲ್ಲ. ಬುದ್ಧಿವಂತರಿಗೆ ಇದು ಬೇಸರದ ಕೆಲಸ, ಏನು ಮಾಡುವುದು.

ಅತ್ತ ಟೌನ್ಸ್ ಸುಮ್ಮನೆ ಕೂರಲಿಲ್ಲ. ಆತ ಬೆಲ್ ಲ್ಯಾಬ್ಸ್‌ಗೆ ಸಲಹೆಗಾರ. ಅಲ್ಲಿದ್ದ ಆರ್ಥರ್ ಶಾಲೋ ಅವನಿಗೆ ಭಾವಮೈದುನ, ಟೌನ್ಸ್ ತಂಗಿಯನ್ನು ಮದುವೆಯಾದವನು. ಎರಡು ಕನ್ನಡಿಯ ಉಪಾಯ ಶಾಲೋಗೂ ಹೊಳೆದಿತ್ತು, ಅವನೂ ಸ್ಪೆಕ್ಟ್ರೋಸ್ಕೋಪಿಯಿಂದ ಬಂದವನೇ. ಇಬ್ಬರೂ ಕೂಡಿ ಲೇಖನ ಬರೆದರು. ಪೇಟೆಂಟ್ ಅರ್ಜಿ ಹಾಕಿ ಎಂದರೆ ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗದವರು ಮೊದಲು ಮನಸ್ಸು ಮಾಡಲಿಲ್ಲ, ಬೆಳಕಿನ ಅಲೆಗಳಿಂದ ಸಂಪರ್ಕ ಕ್ಷೇತ್ರಕ್ಕೆ ಏನು ಪ್ರಯೋಜನ ಎಂದರು ಎಂದು ಟೌನ್ಸ್ ಮುಂದೆ ನೆನಪಿಸಿಕೊಂಡಿದ್ದಾನೆ. ಫೋನ್ ಕಂಪನಿಯ ವಕೀಲರು! ಆದರೂ 1958ರ ಜುಲೈ 30ರಂದು ಅರ್ಜಿ ಹೋಯಿತು. ಡಿಸೆಂಬರ್‌ನಲ್ಲಿ ಲೇಖನ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಬಂತು. ಪೇಟೆಂಟ್ ಸಿಕ್ಕಿದ್ದು 1960ರ ಮಾರ್ಚ್ 22ಕ್ಕೆ. ಅವರ ಕೈಯಲ್ಲೂ ಆಗ ಕೆಲಸ ಮಾಡುವ ಯಂತ್ರ ಇರಲಿಲ್ಲ ಎಂಬುದನ್ನು ಮರೆಯಬೇಡಿ.

ಗೂಲ್ಡ್ ಅರ್ಜಿ ಹೋದದ್ದು 1959ರ ಏಪ್ರಿಲ್ 6ರಂದು. ಮಿಠಾಯಿ ಅಂಗಡಿಯ ಮುದ್ರೆ ಬಿದ್ದು ಹದಿನೇಳು ತಿಂಗಳಾಗಿತ್ತು. ಎದುರಾಳಿಗಳ ಅರ್ಜಿ ಹೋಗಿ ಎಂಟು ತಿಂಗಳು.

ಇದರ ನಡುವೆ ಇನ್ನೊಂದು ವಿಚಿತ್ರ. ಲೇಸರ್ ಕಟ್ಟಲು ಟಿಆರ್‌ಜಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಆರ್ಪಾಗೆ ಪ್ರಸ್ತಾವ ಕಳಿಸಿತು. ಕೇಳಿದ್ದು 3 ಲಕ್ಷ ಡಾಲರ್. ಆರ್ಪಾ ಕೊಟ್ಟದ್ದು ಸುಮಾರು 10 ಲಕ್ಷ ಡಾಲರ್! ಕೇಳಿದ್ದರ ಮೂರು ಪಟ್ಟು ಹಣ ಕೊಡುವ ಸರ್ಕಾರಿ ಸಂಸ್ಥೆಯನ್ನು ನಾನಂತೂ ಇನ್ನೆಲ್ಲೂ ಕಂಡಿಲ್ಲ. ಆದರೆ ಹಣದ ಜೊತೆ ಗುಟ್ಟಿನ ಮುದ್ರೆಯೂ ಬಂತು. ಯೋಜನೆ ರಹಸ್ಯವಾಯಿತು, ಕೆಲಸ ಮಾಡುವವರಿಗೆ ಸರ್ಕಾರದ ಭದ್ರತಾ ಪರವಾನಗಿ ಬೇಕಾಯಿತು. ಗೂಲ್ಡ್ 1940ರ ದಶಕದಲ್ಲಿ ಕಮ್ಯುನಿಸ್ಟರ ಜೊತೆ ಓಡಾಡಿದವನು, ಅದೇ ಕಾರಣಕ್ಕೆ ಅಣುಬಾಂಬಿನ ಮ್ಯಾನ್‌ಹಟನ್ ಯೋಜನೆಯಿಂದ ಹೊರಬಿದ್ದವನು. ಪರವಾನಗಿ ಸಿಗಲಿಲ್ಲ. ತನ್ನದೇ ಐಡಿಯಾ ಮೇಲೆ ನಡೆಯುವ ಕೆಲಸದ ಕೋಣೆಗೆ ಹೋಗುವ ಹಾಗಿಲ್ಲ, ತಾನೇ ಬರೆದ ನೋಟ್‌ಬುಕ್ ನೋಡುವ ಹಾಗಿಲ್ಲ. ಹೊರಗೆ ಕೂತು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು, ಅಷ್ಟೇ.

ಟಿಆರ್‌ಜಿ ಓಟ ಗೆಲ್ಲಲಿಲ್ಲ. 1960ರ ಮೇ 16ರಂದು ಮೊದಲ ಲೇಸರ್ ಬೆಳಗಿಸಿದ್ದು ಕ್ಯಾಲಿಫೋರ್ನಿಯಾದ ಹ್ಯೂಸ್ ಪ್ರಯೋಗಾಲಯದ ಥಿಯೋಡರ್ ಮೈಮನ್, ಕೆಂಪು ಹರಳಿನ ಸಣ್ಣ ಕಡ್ಡಿ ಮತ್ತು ಕ್ಯಾಮರಾ ಫ್ಲ್ಯಾಶ್‌ನಂಥ ದೀಪ ಬಳಸಿ.

ಕೋರ್ಟ್ ನೋಡಿದ್ದು ಯಾವ ಪುಟವನ್ನು?

ಆಗಿನ ಅಮೆರಿಕದ ಕಾನೂನಿನಲ್ಲಿ ಮೊದಲು ಅರ್ಜಿ ಹಾಕಿದವನಿಗಲ್ಲ, ಮೊದಲು ಕಂಡುಹಿಡಿದವನಿಗೆ ಪೇಟೆಂಟ್. ಹಾಗಿದ್ದ ಮೇಲೆ 1957ರ ನೋಟ್‌ಬುಕ್ ಇಟ್ಟುಕೊಂಡ ಗೂಲ್ಡ್ ಗೆಲ್ಲಬೇಕಿತ್ತಲ್ಲ? ಅಲ್ಲೇ ಇರುವುದು ಈ ಪ್ರಕರಣದ ಗಂಟು.

ಕಾನೂನು ಕೇಳುತ್ತಿದ್ದದ್ದು ಎರಡು ವಿಷಯ. ಐಡಿಯಾ ಯಾವಾಗ ಬಂತು ಎಂಬುದು ಒಂದು. ಬಂದ ಮೇಲೆ ಅದನ್ನು ಕೈಬಿಡದೆ ಮುಂದಕ್ಕೆ ನಡೆಸಿದೆಯಾ ಎಂಬುದು ಇನ್ನೊಂದು. ಎದುರಾಳಿ ಅರ್ಜಿ ಹಾಕುವುದಕ್ಕೆ ಸ್ವಲ್ಪ ಮೊದಲಿನಿಂದ ಹಿಡಿದು ನೀನು ಅರ್ಜಿ ಹಾಕುವ ದಿನದವರೆಗೆ ಬಿಡದೆ ಶ್ರಮಿಸಿದ್ದಕ್ಕೆ ಪುರಾವೆ ಬೇಕು. ಇಲ್ಲಿ ಆ ಅವಧಿ 1958ರ ಜುಲೈ ಕೊನೆಯಿಂದ 1959ರ ಏಪ್ರಿಲ್ ಮೊದಲ ವಾರ.

1966ರಲ್ಲಿ ಪೇಟೆಂಟ್ ಮೇಲ್ಮನವಿಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ಎಂಟು ತಿಂಗಳು ಗೂಲ್ಡ್ ಸಾಕಷ್ಟು ಶ್ರದ್ಧೆಯಿಂದ ಐಡಿಯಾದ ಮೇಲೆ ಕೆಲಸ ಮಾಡಿದ ಎಂಬುದು ಸಾಬೀತಾಗಿಲ್ಲ ಎಂದಿತು. ಟೌನ್ಸ್ ಮತ್ತು ಶಾಲೋ ಗೆದ್ದರು. ಗೂಲ್ಡ್ ಸೋಮಾರಿಯಾಗಿದ್ದ ಅಂತಲ್ಲ. ಪದವಿ ಬಿಟ್ಟು ಇದರ ಹಿಂದೆ ಬಿದ್ದ ಮನುಷ್ಯ ಆತ. ಯಾವ ತಿಂಗಳು ಏನು ಮಾಡಿದೆ ಎಂದು ಕೇಳಿದಾಗ ತೋರಿಸಲು ಕಾಗದ ಸಾಲಲಿಲ್ಲ. ನೆನಪಿನಿಂದ ಹೇಳಿದ ಮಾತು ಕೋರ್ಟ್‌ನಲ್ಲಿ ನಿಲ್ಲುವುದಿಲ್ಲ.

1973ರಲ್ಲಿ ಇನ್ನೊಂದು ಪೆಟ್ಟು. ಹ್ಯೂಸ್‌ನ ರಾಬರ್ಟ್ ಹೆಲ್ವಾರ್ತ್ ಜೊತೆ, ಲೇಸರ್‌ನ ಶಕ್ತಿಯನ್ನು ಕೂಡಿಟ್ಟು ಒಮ್ಮೆಲೇ ಬಿಡುವ ಕ್ಯೂ-ಸ್ವಿಚ್ ಎಂಬ ತಂತ್ರದ ಬಗ್ಗೆ ವಿವಾದ ಇತ್ತು. ಅಲ್ಲಿ ಪ್ರಶ್ನೆ ಬೇರೆ. ಗೂಲ್ಡ್‌ನ 1959ರ ಅರ್ಜಿ ಓದಿ, ವಿಷಯ ಬಲ್ಲ ಒಬ್ಬ ಎಂಜಿನಿಯರ್ ಆಗಿನ ಕಾಲಕ್ಕೆ ಕೆಲಸ ಮಾಡುವ ಲೇಸರ್ ಕಟ್ಟಬಹುದಿತ್ತಾ? ಅಷ್ಟು ವಿವರ ಅದರಲ್ಲಿಲ್ಲ ಎಂದಿತು ಕೋರ್ಟ್. ಹಲವು ಅನಿಲ, ಹಲವು ದಾರಿ ಪಟ್ಟಿ ಮಾಡಿದ್ದ, ಒಂದು ದಾರಿಯನ್ನು ಕೊನೆಯ ಅಳತೆಯವರೆಗೆ ಬರೆದಿರಲಿಲ್ಲ. ಇದು ಸ್ವಲ್ಪ ಕಠಿಣ ತೀರ್ಪು ಅಂತ ನನಗನಿಸುತ್ತದೆ, ಏಕೆಂದರೆ 1959ರಲ್ಲಿ ಆ ಅಳತೆಗಳು ಜಗತ್ತಿನಲ್ಲಿ ಯಾರ ಬಳಿಯೂ ಇರಲಿಲ್ಲ. ಆದರೂ ಹತ್ತು ಸಾಧ್ಯತೆ ಮೇಲೆ ಮೇಲೆ ಬರೆಯುವುದಕ್ಕಿಂತ ಒಂದನ್ನು ಬುಡದವರೆಗೆ ಬರೆಯುವುದು ಮೇಲು ಎಂದು ವರ್ಷವರ್ಷ ಪ್ರಾಜೆಕ್ಟ್ ವರದಿ ಓದುವವರಿಗೆ ಗೊತ್ತಿರುವ ವಿಷಯವೇ.

ಸೋಲು ಲಾಭವಾದ ಬಗೆ

ಇಷ್ಟಾದರೂ ಗೂಲ್ಡ್ ಬಿಡಲಿಲ್ಲ. ಮೂಲ ಅರ್ಜಿಯಲ್ಲಿ ಹಲವು ಐಡಿಯಾಗಳು ಒಟ್ಟಿಗೆ ಇದ್ದವು, ಅವನ್ನು ಬಿಡಿಸಿ ಒಂದೊಂದಾಗಿ ಕೇಳುತ್ತ ಹೋದ. ಪೂರ್ತಿ ಲೇಸರ್ ಕೇಳುವುದು ಬಿಟ್ಟು ಅದರ ಒಳಗಿನ ವರ್ಧಕವನ್ನು ಮಾತ್ರ ಕೇಳುವ ಹೊಸ ದಾರಿಯನ್ನು ಅವನ ವಕೀಲರು ಹುಡುಕಿದರು. ಖರ್ಚಿಗೆ ಹಣವಿಲ್ಲದೆ ಮುಂದೆ ಬರಬಹುದಾದ ಆದಾಯದ ಸುಮಾರು 80 ಶೇಕಡಾ ಭಾಗವನ್ನು ಬೇರೆಯವರಿಗೆ ಬರೆದುಕೊಟ್ಟ.

1977ರ ಅಕ್ಟೋಬರ್ 11ರಂದು, ಬೆಳಕಿನಿಂದ ಪಂಪ್ ಮಾಡುವ ಲೇಸರ್ ವರ್ಧಕಕ್ಕೆ ಪೇಟೆಂಟ್ ಸಿಕ್ಕಿತು. 1979ರಲ್ಲಿ ಲೇಸರ್‌ನ ಉಪಯೋಗಗಳಿಗೆ ಇನ್ನೊಂದು. ಮತ್ತೆ ಕೋರ್ಟ್, ಮತ್ತೆ ಮರುಪರಿಶೀಲನೆ. 1985ರಲ್ಲಿ ಫೆಡರಲ್ ನ್ಯಾಯಾಲಯ ಗೂಲ್ಡ್ ಪರ ನಿಂತಿತು, 1987ರಲ್ಲಿ ವಿದ್ಯುತ್ ಹಾಯಿಸಿದ ಅನಿಲದ ಲೇಸರ್ ವರ್ಧಕಕ್ಕೂ ಪೇಟೆಂಟ್ ಬಂತು.

ಇಲ್ಲಿ ತಮಾಷೆ ನೋಡಿ. ಆಗಿನ ಅಮೆರಿಕದಲ್ಲಿ ಪೇಟೆಂಟ್‌ನ ಆಯುಷ್ಯ ಕೊಟ್ಟ ದಿನದಿಂದ 17 ವರ್ಷ. ಟೌನ್ಸ್-ಶಾಲೋ ಪೇಟೆಂಟ್ 1960ರಲ್ಲಿ ಶುರುವಾಗಿ 1977ಕ್ಕೆ ಮುಗಿಯಿತು. ಆ ಕಾಲದಲ್ಲಿ ಲೇಸರ್ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದ ವಸ್ತು. ಅದೇ ವರ್ಷ ಗೂಲ್ಡ್‌ನ ಗಡಿಯಾರ ಓಡಲು ಶುರುವಾಯಿತು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಲೋಹ ಕತ್ತರಿಸಲು, ಕಣ್ಣಿನ ಆಸ್ಪತ್ರೆಯಲ್ಲಿ, ಅಂಗಡಿಯ ಬಾರ್‌ಕೋಡ್ ಓದಲು, ಎಲ್ಲ ಕಡೆ ಲೇಸರ್ ನುಗ್ಗುತ್ತಿತ್ತು. ತಡವಾದದ್ದರಿಂದಲೇ ರಾಯಲ್ಟಿ ಹಲವು ಪಟ್ಟು ಬಂತು. ನೊಬೆಲ್ ಮಾತ್ರ ಬರಲಿಲ್ಲ. ಟೌನ್ಸ್‌ಗೆ 1964ರಲ್ಲಿ ಸೋವಿಯತ್ ಒಕ್ಕೂಟದ ಬಾಸೋವ್ ಮತ್ತು ಪ್ರೊಖೊರೋವ್ ಜೊತೆಗೆ, ಶಾಲೋಗೆ 1981ರಲ್ಲಿ ಸಿಕ್ಕಿತು. ಗೂಲ್ಡ್ 2005ರಲ್ಲಿ ತೀರಿಕೊಂಡ.

ಈ ಲಾಭವನ್ನು ಯಾರೂ ಮಾದರಿ ಅಂದುಕೊಳ್ಳಬೇಡಿ. ಅದೃಷ್ಟದ ಪಾಲು ಜಾಸ್ತಿ ಅಲ್ಲಿ, ಆಯುಷ್ಯದ ಪಾಲೂ ಇದೆ. 1977ರ ಪೇಟೆಂಟ್ ಸಿಗುವಾಗ ಅವನಿಗೆ 57 ವರ್ಷ.

ನಮ್ಮ ಪ್ರಾಜೆಕ್ಟ್ ಡೈರಿಗೆ ಇದರಿಂದ ಏನು?

ಬಹಳ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಡೈರಿ ಎಂಬುದೊಂದು ಇದೆ. ವಾರಕ್ಕೊಂದು ಪುಟ, ಗೈಡ್ ಸಹಿಗೆ ಜಾಗ. ಬಹಳಷ್ಟು ಕಡೆ ಅದು ತುಂಬುವುದು ರಿವ್ಯೂ ಹಿಂದಿನ ರಾತ್ರಿ, ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ. ಗೈಡ್ ಕೂಡ ಹದಿನಾಲ್ಕು ಸಹಿ ಒಟ್ಟಿಗೆ ಜಡಿದು ಕೊಡುತ್ತಾರೆ. ಗೂಲ್ಡ್ ಪ್ರಕರಣದಲ್ಲಿ ಕೋರ್ಟ್ ಹುಡುಕಿದ್ದು ಈ ವಾರದ ಪುಟಗಳನ್ನೇ.

ಈ ಪುಟಗಳಲ್ಲಿ ದೊಡ್ಡ ಮಾತು ಬೇಕಿಲ್ಲ. "ಇವತ್ತು ಮೋಟಾರ್ ಬಿಸಿಯಾಗಿ ನಿಂತಿತು, 12 ವೋಲ್ಟ್ ಬದಲು 9ಕ್ಕೆ ಇಳಿಸಿ ನೋಡಿದೆವು, ತಿರುಗಿತು ಆದರೆ ಭಾರ ಎತ್ತಲಿಲ್ಲ." ಇಷ್ಟು ಸಾಕು, ಇದಕ್ಕೆ ದಿನಾಂಕ ಸಾಕು. ಫಲಿಸದ ಪ್ರಯತ್ನವನ್ನೂ ಬರೆಯಬೇಕು, ಶ್ರಮ ಪಟ್ಟದ್ದಕ್ಕೆ ಅದೇ ಗಟ್ಟಿ ಪುರಾವೆ. ಹೊಲಿದ ಪುಸ್ತಕ ಇರಲಿ, ಪುಟಸಂಖ್ಯೆ ಇರಲಿ, ಹರಿಯಬೇಡಿ, ವೈಟ್‌ನರ್ ಹಚ್ಚಬೇಡಿ, ತಪ್ಪಾದರೆ ಒಂದು ಗೀಟು ಎಳೆದು ಪಕ್ಕದಲ್ಲಿ ಬರೆಯಿರಿ. ಸಾಕ್ಷಿಗೆ ಬೇರೆ ಟೀಮಿನ, ವಿಷಯ ಅರ್ಥವಾಗುವ ಸ್ನೇಹಿತನನ್ನು ಹಿಡಿಯಿರಿ. ಸಹಿ ಹಾಕುವ ಮುಂಚೆ ಅವನು ಎರಡು ಪ್ರಶ್ನೆ ಕೇಳುತ್ತಾನೆ, ಅದರಲ್ಲಿ ಒಂದು ನಿಮ್ಮ ಐಡಿಯಾದ ತೂತನ್ನು ತೋರಿಸುತ್ತದೆ. ಅಂದ ಹಾಗೆ, ವಾಟ್ಸಾಪ್ ಗ್ರೂಪಿನಲ್ಲಿ ಐಡಿಯಾ ಚರ್ಚಿಸುವವರು ಅಲ್ಲಿಯ ಮಾತು, ಫೋಟೋಗಳನ್ನು ಪ್ರಿಂಟ್ ತೆಗೆದು ಡೈರಿಗೆ ಅಂಟಿಸುವುದು ಒಳ್ಳೆಯದು. ಫೋನ್ ಬದಲಾದರೆ ಎಲ್ಲ ಹೋಯಿತು.

ಆದರೆ ಡೈರಿಯಿಂದ ಪೇಟೆಂಟ್‌ನ ಸರದಿ ಸಿಗುತ್ತದೆ ಅಂದುಕೊಳ್ಳಬೇಡಿ. ಭಾರತದಲ್ಲಿ ಮೊದಲು ಅರ್ಜಿ ಹಾಕಿದವರಿಗೇ ಆದ್ಯತೆ. ಅಮೆರಿಕ ಕೂಡ 2013ರ ಮಾರ್ಚ್ 16ರಿಂದ ಆ ಕಡೆಗೆ ತಿರುಗಿದೆ. ಗೂಲ್ಡ್ ಇವತ್ತು ಅದೇ ನೋಟ್‌ಬುಕ್ ಹಿಡಿದು ಬಂದರೆ ವಾದ ಶುರುವಾಗುವ ಮೊದಲೇ ಮುಗಿಯುತ್ತದೆ. ಈಗ ಡೈರಿ ಕೆಲಸಕ್ಕೆ ಬರುವುದು ಬೇರೆ ಕಡೆ. ಅರ್ಜಿ ಬರೆಯಲು ಬೇಕಾದ ಚಿತ್ರ, ಅಳತೆ, ಪರೀಕ್ಷೆಯ ಫಲ ಎಲ್ಲ ಸಿಗುವುದು ಅದರಿಂದಲೇ. ನಾಲ್ಕು ಜನರ ಟೀಮಿನಲ್ಲಿ ಯಾವ ಭಾಗ ಯಾರದು ಎಂಬ ಮಾತು ಬಂದಾಗ, ಗೈಡ್ ಹೆಸರು ಸೇರಿಸಬೇಕಾ ಬೇಡವಾ ಎಂಬ ಮುಜುಗರದ ಪ್ರಶ್ನೆ ಎದ್ದಾಗ, ನೋಡಲು ಒಂದು ದಾಖಲೆ ಇರುತ್ತದೆ.

ಗೂಲ್ಡ್‌ಗೆ ಗೊತ್ತಿರದ ದಾರಿ ನಮ್ಮ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಕೆಲಸ ಮಾಡುವ ಮಾಡೆಲ್ ಇಲ್ಲದಿದ್ದರೂ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಬಹುದು. ಪೂರ್ತಿ ವಿವರಣೆ ಕೊಡಲು ಆ ದಿನದಿಂದ 12 ತಿಂಗಳ ಅವಕಾಶ. ಆನ್‌ಲೈನ್‌ನಲ್ಲಿ ಹಾಕುವ ವ್ಯಕ್ತಿಗೆ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ. ಅರ್ಜಿಯ ಪರೀಕ್ಷೆ ಮಾಡಿಸಲು ಮುಂದೆ ಬೇರೆ ಶುಲ್ಕ ಇದೆ, ವಕೀಲರನ್ನು ಹಿಡಿದರೆ ಅವರ ಫೀಸ್ ಬೇರೆ. ಹೊಸತನ ಹಾಳಾಗಬಾರದು ಎಂದಿದ್ದರೆ ಅರ್ಜಿ ಹೋಗುವವರೆಗೆ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಇಡುವುದು, ಯೂಟ್ಯೂಬ್‌ಗೆ ವಿಡಿಯೋ ಹಾಕುವುದು, ಸಮ್ಮೇಳನದಲ್ಲಿ ಪೇಪರ್ ಓದುವುದು ಎಲ್ಲ ತಡೆಹಿಡಿಯಿರಿ. ಕೆಲವಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ ನಿಜ, ಆದರೆ ಅದು ಬಹಳ ಇಕ್ಕಟ್ಟಾದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ, ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುವುದೂ ಅವರೇ, ಪೇಟೆಂಟ್ ಮಾಹಿತಿ ಕೇಂದ್ರವೂ ಅಲ್ಲಿದೆ. ಹೋಗುವಾಗ ಡೈರಿಯ ಜೊತೆ ನಿಮ್ಮ ಪ್ರಶ್ನೆಗಳನ್ನೂ ಬರೆದುಕೊಂಡು ಹೋಗಿ. ಅವರು ಕೊಟ್ಟ ಉತ್ತರವನ್ನು ಅಲ್ಲೇ, ಅವರ ಎದುರಿಗೇ ಬರೆದುಕೊಂಡು, "ನಾನು ತಿಳಿದುಕೊಂಡದ್ದು ಹೀಗೆ, ಸರಿಯಾ?" ಎಂದು ಓದಿ ಹೇಳಿ.